ಆಯ್ಕೆಪಟ್ಟಿಯ ಮೊದಲ ಸಾಲು

ಆ ಹುಡುಗಿ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಸಂಜೆ ನಾನು ಚೀಲ ಹೆಗಲಿಗೇರಿಸಿಕೊಂಡು ಕಾಲೇಜಿನ ಗೇಟು ದಾಟಿದ ಮೇಲೆ ಅವಳ ಪ್ರಶ್ನೆಗಳು ಶುರುವಾಗುತ್ತಿದ್ದವು. ಗೇಟಿನಿಂದ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಅವಳದು.

“ಮಿಸ್, ಇಂಟಿಗ್ರೇಶನ್ ಮಾಡಿದ್ ಮೇಲೆ ಕೊನೇಗೆ ಒಂದು ಸಿ ಅಂತ ಬರೀತೀವಲ್ಲ, ಅದು ಎಲ್ಲಿಂದ ಬರ್ತೈತೆ?”

ಬೇರೆ ಮಕ್ಕಳು ಇದನ್ನು ಕೇಳುವುದಿಲ್ಲ. ಸಿ ಬರೆಯದಿದ್ದರೆ ಅಂಕ ಕಳೆಯುತ್ತಾರೆ ಎಂಬುದಷ್ಟೇ ಅವರಿಗೆ ಸಾಕು. ನಾನು ರಸ್ತೆ ಬದಿಯ ಮಣ್ಣಿನಲ್ಲಿ ಕೊಡೆಯ ತುದಿಯಿಂದ ಗೆರೆ ಎಳೆದು ವಿವರಿಸುವಷ್ಟರಲ್ಲಿ ಎಷ್ಟೋ ಸಲ ಚಳ್ಳಕೆರೆ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಮುಂದಿನ ಬಸ್ಸು ಬರುವ ತನಕ ಅವಳೂ ನನ್ನ ಜೊತೆ ನಿಲ್ಲುತ್ತಿದ್ದಳು, ಇನ್ನೊಂದು ಪ್ರಶ್ನೆ ಹಿಡಿದುಕೊಂಡು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದವಳು. ಇಂಗ್ಲಿಷ್ ಪದಗಳನ್ನೆಲ್ಲ ಮೊದಲು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಪಕ್ಕದಲ್ಲಿ ತನಗೆ ತಿಳಿದ ಅರ್ಥ ಬರೆದು, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದಳು. ನಾನು ಹೌದು ಎಂದ ಮೇಲೆಯೇ ಅದನ್ನು ಅಳಿಸುವುದು.

ನನ್ನ ಮನೆ ಚಳ್ಳಕೆರೆಯಲ್ಲಿ. ಗಂಡ ಅಲ್ಲಿನ ಒಂದು ಎಣ್ಣೆ ಮಿಲ್ಲಿನಲ್ಲಿ ಮೇಲ್ವಿಚಾರಕರು. ನಾನು ಬೆಳಿಗ್ಗೆ ಬಸ್ಸು ಹತ್ತಿ ತಳಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿಗೆ ಹೋಗಿ, ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿ ಬರುತ್ತೇನೆ. ಇಷ್ಟು ವರ್ಷಗಳಲ್ಲಿ ಬುದ್ಧಿವಂತ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಮನೆಗೆ ಬಂದು ಮತ್ತೆ ಪುಸ್ತಕ ತೆರೆಯುವಂತೆ ಮಾಡಿದವಳು ಇವಳೊಬ್ಬಳೇ. ಇವಳಿಗೆ ನಾನು ಏನು ಮಾಡಿದೆ ಎಂಬುದನ್ನು ಇದುವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ಸಿಇಟಿ ಫಲಿತಾಂಶ ಬಂದಾಗ ಅವಳ ರ‍್ಯಾಂಕು ನೋಡಿ ಪ್ರಾಂಶುಪಾಲರು ಎರಡು ಸಲ ಕನ್ನಡಕ ಒರೆಸಿಕೊಂಡರು. ನಮ್ಮ ಕಾಲೇಜಿನಿಂದ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವಂಥ ರ‍್ಯಾಂಕು ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲ. ವಾರದೊಳಗೆ ಗೇಟಿನ ಮೇಲೆ ಅವಳ ಫೋಟೋ ಇದ್ದ ಫ್ಲೆಕ್ಸ್ ಬಂತು. ಫ್ಲೆಕ್ಸಿನ ಕೆಳಗಡೆ ಉಪನ್ಯಾಸಕರ ಹೆಸರುಗಳಿದ್ದವು. ನನ್ನದು ಎಲ್ಲರಿಗಿಂತ ಮುಂದೆ. ಅದನ್ನು ಓದುತ್ತ ನಾನು ಗೇಟಿನ ಬಳಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ ಎಂಬುದೂ ನೆನಪಿದೆ.

ಮರುದಿನ ಅವಳ ತಂದೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಅವರು ರೇಷ್ಮೆ ಸೀರೆ ನೇಯುವವರು. ಮನೆಯ ನಡುಮನೆಯಲ್ಲೇ ಮಗ್ಗ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಒಳಗೆ ಬನ್ನಿ ಎಂದು ಮೂರು ಸಲ ಕರೆದ ಮೇಲೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತರು.

“ಮೇಡಮ್ಮೋರೆ, ಸೀರೆ ವಿಷ್ಯ ಕೇಳ್ರಿ, ಹೇಳ್ತೀನಿ. ಕಾಲೇಜ್ ವಿಷ್ಯ ನಂಗೇನೂ ಗೊತ್ತಿಲ್ಲ. ತುಮಕೂರಾದ್ರೆ ಕಳಿಸ್ತೀನಿ. ಅಲ್ಲಿ ನಮ್ ಬಾಮೈದ ಅವ್ನೆ. ಬ್ಯಾರೆ ಊರು ಬ್ಯಾಡ ಅಂತಾಳೆ ಇವ್ಳವ್ವ. ತುಮಕೂರಾಗೆ ಯಾವ್ ಕಾಲೇಜು ಅಂತ ನೀವೇ ನೋಡಿ ಹೇಳ್ಬೇಕು.”

“ನಾನು ಹೇಳೋದು ಬ್ಯಾಡ, ಹೋಗಿ ನೋಡ್ಕೊಂಡೇ ಬರೋಣ ಬಿಡಿ,” ಎಂದೆ. ಆ ಮಾತಂತೂ ಸರಿಯಾಗಿತ್ತು. ಅಲ್ಲಿಂದ ಮುಂದಿನದೇ ನೆಟ್ಟಗಿಲ್ಲ.

ಹೋಗುವ ಹಿಂದಿನ ಸಂಜೆ ತಂದೆ ಮಗಳು ಚಳ್ಳಕೆರೆಗೆ ಬಂದು ನಮ್ಮ ಮನೆಯಲ್ಲಿ ಉಳಿದರು. ನಾನು ಉದ್ದದ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಪಟ್ಟಿ ಎಳೆದೆ. ಅಧ್ಯಾಪಕರು, ಪ್ರಯೋಗಾಲಯ, ಗ್ರಂಥಾಲಯ, ಹಾಸ್ಟೆಲ್, ಕೊನೆಯ ವರ್ಷ ಕೆಲಸ ಕೊಡಲು ಬರುವ ಕಂಪನಿಗಳು, ಬಸ್‌ಸ್ಟ್ಯಾಂಡಿನಿಂದ ದೂರ. ಒಂದೊಂದಕ್ಕೂ ಹತ್ತು ಅಂಕ. ಹುಡುಗಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

“ಮಿಸ್, ಇದ್ರಾಗೆ ನಂಗೆ ಇಷ್ಟ ಆಗೈತೋ ಇಲ್ಲೋ ಅನ್ನೋದಕ್ಕೆ ಎಷ್ಟು ಮಾರ್ಕ್ಸು?”

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು.

ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹಿರಿಯೂರು, ಶಿರಾ ದಾಟಿ ತುಮಕೂರಿನಲ್ಲಿ ಇಳಿದಾಗ ಕಾಲೇಜುಗಳು ತೆರೆಯುವ ಹೊತ್ತಾಗಿತ್ತು. ಮೂರು ಕಾಲೇಜು ನೋಡಬೇಕೆಂದು ಗೊತ್ತು ಮಾಡಿಕೊಂಡಿದ್ದೆವು.

ಮೊದಲನೆಯದು ಊರ ಹೊರಗೆ. ಆಟೋದವನು ಗೇಟಿನ ಹೊರಗೇ ಇಳಿಸಿದ. ಒಳಗಿನ ಕಟ್ಟಡಕ್ಕೆ ಮತ್ತೆ ಅಷ್ಟು ದೂರ ನಡೆಯಬೇಕು. ಎರಡೂ ಬದಿ ಕತ್ತರಿಸಿದ ಹುಲ್ಲು, ಮುಂದೆ ಗಾಜಿನ ಗೋಡೆ. ಕೋಟು ಹಾಕಿಕೊಂಡಿದ್ದ ಒಬ್ಬ ಯುವಕ ನಗುನಗುತ್ತ ಬಂದು ಬಣ್ಣದ ಪುಸ್ತಕ ಕೊಟ್ಟು, ತಣ್ಣನೆಯ ನೀರು ಕುಡಿಸಿ, ಕಟ್ಟಡ ತೋರಿಸಲು ಹೊರಟ. ಗೋಡೆಯ ತುಂಬ ಕೆಲಸ ಸಿಕ್ಕ ವಿದ್ಯಾರ್ಥಿಗಳ ಫೋಟೋ. ಪ್ರಯೋಗಾಲಯವನ್ನು ಗಾಜಿನಾಚೆಯಿಂದ ತೋರಿಸಿದ. ಸಾಲು ಸಾಲು ಹೊಸ ಕಂಪ್ಯೂಟರ್, ಎಲ್ಲ ಒಂದೇ ಬಣ್ಣದ ಕುರ್ಚಿ, ಎಸಿ. ನಾನು ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಹತ್ತು ಬರೆದೆ.

ತಂದೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಕೈಕಟ್ಟಿಕೊಂಡು ಕೇಳಿದರು: “ಸಾರ್, ನನ್ ಮಗಳಿಗೆ ಪಾಠ ತಿಳೀಲಿಲ್ಲ ಅಂದ್ರೆ ಯಾರ್ನ ಕೇಳ್ಬೇಕು?”

“ಅದಕ್ಕೆ ನಮ್ಮ ಆ್ಯಪ್ ಇದೆ ಸರ್. ಪ್ರಶ್ನೆ ಟೈಪ್ ಮಾಡಿ ಟಿಕೆಟ್ ರೈಸ್ ಮಾಡಿದರೆ ಆಯಿತು. ಸಂಬಂಧಪಟ್ಟವರು ಉತ್ತರ ಕೊಡ್ತಾರೆ.”

“ಪಾಠ ಕೇಳಾಕೆ ಟಿಕೆಟ್ ತಗಬೇಕಾ?”

ಯುವಕ ನಕ್ಕ. ನನಗೆ ನಾಚಿಕೆಯಾಯಿತು. ಆ ಹೊತ್ತು ನನಗೆ ನಾಚಿಕೆಯಾದದ್ದು ಆ ಪ್ರಶ್ನೆಯ ಬಗ್ಗೆಯೇ ಹೊರತು ಉತ್ತರದ ಬಗ್ಗೆ ಅಲ್ಲ. “ಅದೆಲ್ಲ ಇವಳು ಕಲ್ತುಕೊಳ್ತಾಳೆ ಬಿಡಿ,” ಎಂದು ಮಾತು ತೇಲಿಸಿ ಗ್ರಂಥಾಲಯದ ಕಡೆ ಹೆಜ್ಜೆ ಹಾಕಿದೆ.

ಎರಡನೆಯ ಕಾಲೇಜಿನಲ್ಲಿ ಅವತ್ತು ಯಾವುದೋ ತಪಾಸಣೆ ಇತ್ತು. ಕಚೇರಿಯವರು ಒಂದು ಅರ್ಜಿ ನಮೂನೆ ಕೊಟ್ಟು ಸಾಗಹಾಕಿದರು. ಅದನ್ನು ಪಟ್ಟಿಯಿಂದಲೇ ಹೊಡೆದುಹಾಕಿದೆ.

ಮೂರನೆಯದು ಊರೊಳಗೆ, ಹಳೆಯ ಕಟ್ಟಡ. ಮೆಟ್ಟಿಲಿನ ಅಂಚು ಸವೆದಿತ್ತು. ಗೋಡೆಗೆ ಹಳದಿ ಸುಣ್ಣ ಬಳಿದು ಯಾವ ಕಾಲವಾಗಿತ್ತೋ. ಯಾರೂ ಎದುರುಗೊಳ್ಳಲಿಲ್ಲ. ಕಂಪ್ಯೂಟರ್ ವಿಭಾಗ ಎಲ್ಲಿ ಎಂದು ಕೇಳಿಕೊಂಡು ಮಹಡಿ ಹತ್ತಿದಾಗ ಪ್ರಯೋಗಾಲಯದಲ್ಲಿ ಅರ್ಧ ತೋಳಿನ ಅಂಗಿ ತೊಟ್ಟ, ಐವತ್ತು ದಾಟಿದ ಅಧ್ಯಾಪಕರೊಬ್ಬರು ಒಂದು ಕಂಪ್ಯೂಟರಿನ ಹಿಂದೆ ಬಗ್ಗಿ ವೈರು ಸಿಕ್ಕಿಸುತ್ತಿದ್ದರು. ನಾವು ಯಾಕೆ ಬಂದಿದ್ದೇವೆಂದು ತಿಳಿದ ಮೇಲೆ ನನ್ನನ್ನೂ ತಂದೆಯನ್ನೂ ಬಿಟ್ಟು ನೇರವಾಗಿ ಹುಡುಗಿಯನ್ನು ಮಾತಾಡಿಸಿದರು.

“ಕಂಪ್ಯೂಟರ್ ಏನು ಗೊತ್ತಮ್ಮಾ?”

“ಏನೂ ಗೊತ್ತಿಲ್ಲ ಸಾರ್.”

“ಒಳ್ಳೇದಾಯ್ತು. ಕೂತ್ಕೋ.”

ಅವಳನ್ನು ಹಳೆಯ ಯಂತ್ರವೊಂದರ ಮುಂದೆ ಕೂರಿಸಿ, ತಾವು ನಿಂತುಕೊಂಡೇ, ಹದಿನೇಳರ ಮಗ್ಗಿಯನ್ನು ಕಂಪ್ಯೂಟರಿನಿಂದ ಬರೆಸುವುದು ಹೇಗೆಂದು ಕನ್ನಡದಲ್ಲಿ ಹೇಳತೊಡಗಿದರು. ಅವಳು ಒಂದು ಸಾಲು ಬರೆದಳು. ತಪ್ಪೆಂದು ಯಂತ್ರ ಹೇಳಿತು. “ಯಾಕೆ ತಪ್ಪು ಸಾರ್?” “ನೀನೇ ನೋಡು.” ನೋಡಿದಳು, ತಿದ್ದಿದಳು. ಮತ್ತೆ ತಪ್ಪು. ಮತ್ತೆ ಕೇಳಿದಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಮನುಷ್ಯನ ಎದುರು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿದ್ದಳು. ಮುಕ್ಕಾಲು ಗಂಟೆ ಹೋದದ್ದು ತಿಳಿಯಲಿಲ್ಲ. ಕೊನೆಗೆ ಪರದೆಯ ಮೇಲೆ ಹದಿನೇಳರ ಮಗ್ಗಿ ಸಾಲಾಗಿ ಇಳಿದಾಗ ಅವಳು ಹಿಂದೆ ತಿರುಗಿ ಅಪ್ಪನ ಮುಖ ನೋಡಿದಳು. ಅವರು ಪರದೆಯನ್ನಲ್ಲ, ಮಗಳನ್ನು ನೋಡುತ್ತಿದ್ದರು.

ಅಲ್ಲಿಯೂ ಅವರು ತಮ್ಮ ಪ್ರಶ್ನೆ ಕೇಳಿದರು. “ತಿಳೀಲಿಲ್ಲ ಅಂದ್ರೆ ಯಾರ್ನ ಕೇಳ್ಬೇಕು ಸಾರ್?”

“ನನ್ನ ಕೇಳ್ಲಿ. ನನಗೂ ಗೊತ್ತಿಲ್ಲ ಅಂದ್ರೆ ಪಕ್ಕದ ರೂಮಲ್ಲಿ ಇನ್ನೊಬ್ಬರಿದ್ದಾರೆ, ಇಬ್ರೂ ಹೋಗಿ ಅವರನ್ನ ಕೇಳ್ತೀವಿ.”

ನನ್ನ ಪಟ್ಟಿಯಲ್ಲಿ ಆ ಉತ್ತರ ಬರೆದುಕೊಳ್ಳುವುದಕ್ಕೆ ಜಾಗ ಇರಲಿಲ್ಲ. ಪ್ರಯೋಗಾಲಯಕ್ಕೆ ಹತ್ತಕ್ಕೆ ನಾಲ್ಕು ಹಾಕಿದೆ. ಕಂಪನಿಗಳ ಕಾಲಮ್ಮಿನಲ್ಲಿ ಮೂರು. ಅಧ್ಯಾಪಕರ ಕಾಲಮ್ಮಿನಲ್ಲಿ ಆರು, ಏಕೆಂದರೆ ಬಾಗಿಲ ಮೇಲಿನ ಫಲಕದಲ್ಲಿ ಅವರ ಹೆಸರಿನ ಮುಂದೆ ಡಾಕ್ಟರ್ ಎಂದು ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ತಂದೆ ಮಗಳನ್ನು ತೆಲುಗಿನಲ್ಲಿ ಕೇಳಿದರು: “ನೀಕು ಏದಿ ನಚ್ಚಿಂದಮ್ಮಾ?” ನಿನಗೆ ಯಾವುದು ಹಿಡಿಸಿತು ಎಂದು.

“ಆ ಪಾತ ಕಾಲೇಜೇ ನಾನ್ನಾ,” ಎಂದಳು. ಆ ಹಳೆಯ ಕಾಲೇಜೇ ಅಪ್ಪಾ.

ಇಷ್ಟು ವರ್ಷ ಮೊಳಕಾಲ್ಮೂರಿನಲ್ಲಿ ಕೆಲಸ ಮಾಡಿದವಳಿಗೆ ಅಷ್ಟು ತೆಲುಗು ತಿಳಿಯದೇ ಇರುತ್ತದೆಯೆ? ನಾನು ತಿಳಿಯದವಳಂತೆ ಚಟ್ನಿ ಹಾಕಿಸಿಕೊಂಡೆ. ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ಒಟ್ಟು ಅಂಕ ಕೂಡಿಸಿದೆ. ದೊಡ್ಡ ಕಾಲೇಜಿಗೆ ಅರವತ್ತಕ್ಕೆ ಐವತ್ತೆರಡು, ಹಳೆಯದಕ್ಕೆ ಮೂವತ್ತಮೂರು. ಅವಳಿಗೆ ತೋರಿಸಿದೆ. ಅವಳು ಕೂಡಿದ್ದು ಸರಿಯಿದೆಯೇ ಎಂದು ಬೆರಳಿಟ್ಟು ನೋಡಿ, “ಸರಿ ಐತೆ ಮಿಸ್,” ಎಂದಳು. ಅಷ್ಟೇ.

ಕಾಲೇಜುಗಳ ಆಯ್ಕೆಪಟ್ಟಿ ತುಂಬುವ ದಿನ ಅವಳು ನಮ್ಮ ಮನೆಗೆ ಬಂದಳು. ಅದರಲ್ಲಿ ಬರೆದ ಅನುಕ್ರಮವೇ ಮುಖ್ಯ. ಮೊದಲ ಸಾಲಿನ ಕಾಲೇಜಿಗೆ ರ‍್ಯಾಂಕು ಸಾಕಾದರೆ ಅದೇ ಸಿಗುತ್ತದೆ, ಕೆಳಗಿನವನ್ನು ನೋಡುವುದೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅವಳೇ ಕೂತು ಮೊದಲ ಸಾಲಿಗೆ ಹಳೆಯ ಕಾಲೇಜು, ಎರಡನೆಯದಕ್ಕೆ ದೊಡ್ಡ ಕಾಲೇಜು ಹಾಕಿದಳು. ನಾನು ಒಂದು ಗಂಟೆ ವಾದಿಸಿದೆ. ಕಂಪನಿಗಳು ಎಂದೆ, ಹೆಸರು ಎಂದೆ, ನಾಲ್ಕು ವರ್ಷದ ಮೇಲೆ ಅಳಬೇಡ ಎಂದೆ. ಅವಳು ತಲೆ ತಗ್ಗಿಸಿಕೊಂಡೇ, “ನಂಗೆ ಅಲ್ಲಿ ತಿಳೀತು ಮಿಸ್. ಬರೀ ಮುಕ್ಕಾಲು ಗಂಟೇಲಿ ತಿಳೀತು,” ಎಂದಳು. ತಾತ್ಕಾಲಿಕ ಹಂಚಿಕೆಯ ಪಟ್ಟಿಯಲ್ಲೂ ಅವಳಿಗೆ ಹಳೆಯ ಕಾಲೇಜೇ ಬಂತು. ಅದು ಪರೀಕ್ಷಾರ್ಥ ಹಂಚಿಕೆ. ಅದಾದ ಮೇಲೂ ಪಟ್ಟಿ ತಿದ್ದಲು ಕೆಲವು ದಿನ ಬಿಟ್ಟಿರುತ್ತಾರೆ.

ಆ ಕೊನೆಯ ದಿನ ಭಾನುವಾರ. ಅವಳು ಅವ್ವನ ಜೊತೆ ಗಡಿಯಾಚೆ ರಾಯದುರ್ಗಕ್ಕೆ ನೆಂಟರ ಮದುವೆಗೆ ಹೋಗಿದ್ದಳು. ಅವಳ ಪಾಸ್‌ವರ್ಡ್ ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿತ್ತು. ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಸುಮ್ಮನೆ ಒಂದು ಸಲ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಓಟಿಪಿ ಅವಳ ತಂದೆಯ ಫೋನಿಗೆ ಹೋಗುತ್ತಿತ್ತು. ಕರೆ ಮಾಡಿದೆ. ಹಿಂದೆ ಮಗ್ಗದ ಸದ್ದು ನಿಂತಿತು.

“ಏನಾರ ತೊಂದ್ರೆ ಐತಾ ಮೇಡಮ್ಮೋರೆ?”

“ಏನಿಲ್ಲ, ಒಂದ್ಸಲ ಚೆಕ್ ಮಾಡ್ತಾ ಇದೀನಿ. ನಿಮ್ಮ ಫೋನಿಗೆ ಒಂದು ನಂಬರ್ ಬಂದಿರುತ್ತೆ, ಓದಿ ಹೇಳಿ.”

ಅವರು ಕನ್ನಡಕ ಹುಡುಕಿ, ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿದರು. ಆರನೆಯದನ್ನು ಓದಿದ ಮೇಲೆ, ತಪ್ಪಿರಬಾರದೆಂದು ಮೊದಲಿನಿಂದ ಮತ್ತೊಮ್ಮೆ ಓದಿದರು.

ನನ್ನ ಗಂಡ ಹಿಂದೆ ನಿಂತು ನೋಡುತ್ತಿದ್ದರು. “ಬದಲಾಯಿಸ್ತಾ ಇದೀಯಾ? ಆ ಹುಡ್ಗೀನ ಒಂದ್ಮಾತು ಕೇಳು.”

“ಅವಳಿಗೇನು ತಿಳಿಯುತ್ತೆ? ಹದಿನೆಂಟು ವರ್ಷ.”

“ನಿಂಗೂ ಹದಿನೆಂಟೇ ಇತ್ತಲ್ಲ,” ಎಂದರು.

ಅವರು ಹೇಳಿದ್ದು ಯಾವುದರ ಬಗ್ಗೆ ಎಂದು ಗೊತ್ತಿತ್ತು. ನನಗೆ ಆ ವಯಸ್ಸಿನಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅಪ್ಪ ಒಂದು ಸಂಜೆ ಹೊರಗಿನಿಂದ ಬಂದವರು, ಚಿತ್ರದುರ್ಗದಲ್ಲಿ ಬಿಎಸ್ಸಿಗೆ ಸೇರಿಸಿ ಬಂದೆ ಎಂದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಆ ನೋವನ್ನು ನಾನು ಮೂವತ್ತು ವರ್ಷ ಸಾಕಿಕೊಂಡು ಬಂದಿದ್ದೆ. ಈ ಹುಡುಗಿಗಾದರೂ ದೊಡ್ಡದು ಸಿಗಲಿ, ನನಗಾದದ್ದು ಇವಳಿಗಾಗದಿರಲಿ ಎಂದುಕೊಂಡೆ. ಮೌಸಿನಿಂದ ಎರಡನೆಯ ಸಾಲನ್ನು ಹಿಡಿದು ಮೇಲಕ್ಕೆ ಎಳೆದುಬಿಟ್ಟೆ. ಗಂಡ ಹೊರಗೆ ಹೋದರು. ಅಪ್ಪ ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ಅದು ನಿಜ.

ಅಂತಿಮ ಹಂಚಿಕೆಯಲ್ಲಿ ದೊಡ್ಡ ಕಾಲೇಜು ಬಂತು. ತಂದೆ ಮಗಳು ಇಬ್ಬರೂ ಸ್ಟಾಫ್‌ರೂಮಿಗೆ ಬಂದರು. ತಂದೆಯ ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ನಾನು ಮುದ್ರಿಸಿಟ್ಟಿದ್ದ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅದರಲ್ಲಿ ಕಾಲೇಜಿನ ಹೆಸರಿನ ಪಕ್ಕ, ಎಷ್ಟನೆಯ ಆಯ್ಕೆ ಎಂಬಲ್ಲಿ ಒಂದು ಎಂದು ಅಚ್ಚಾಗಿತ್ತು. ಅವಳ ಕಣ್ಣು ಅಲ್ಲಿ ನಿಂತಿತು. ಈಗ ಕೇಳುತ್ತಾಳೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡು ಕೂತೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಶುರುವಾಗುವ ಉತ್ತರ.

ಅವಳು ಕೇಳಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಚಿ ಚೀಲದಲ್ಲಿಟ್ಟುಕೊಂಡು, “ಥ್ಯಾಂಕ್ಸ್ ಮಿಸ್,” ಎಂದಳು. ಎರಡು ವರ್ಷ ದಿನವೂ ನನ್ನ ಬಸ್ಸು ತಪ್ಪಿಸಿದ ಹುಡುಗಿ, ಕೇಳಲೇಬೇಕಾದ ಆ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಮೈಸೂರು ಪಾಕು ತಿಂದೆ.

ಅವಳು ಹೋದ ಮೇಲೆ ನಾನು ಆಗಾಗ ಫೋನು ಮಾಡುತ್ತಿದ್ದೆ. “ಚೆನ್ನಾಗಿದೀನಿ ಮಿಸ್.” “ಪಾಠ?” “ನಡೀತೈತೆ ಮಿಸ್.” ಏನಾದರೂ ಡೌಟಿದ್ದರೆ ಕೇಳು ಎಂದರೆ, “ಹೂಂ ಮಿಸ್,” ಅಷ್ಟೇ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗಿದೆ ಎಂದು ನನಗೆ ತಿಳಿಸಿದ್ದು ಅವಳ ತಂದೆ. ಅವುಗಳಲ್ಲಿ ಒಂದು ಗಣಿತ. ದ್ವಿತೀಯ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವಳು.

ಮುಂದಿನ ಬೇಸಿಗೆಯಲ್ಲಿ ಏನೋ ನೆಪ ಮಾಡಿಕೊಂಡು ತುಮಕೂರಿಗೆ ಹೋಗಿ ಹಾಸ್ಟೆಲಿನ ಮುಂದೆ ಕಾದೆ. ಅವಳು ಇಳಿದು ಬಂದಾಗ ಗುರುತು ಸಿಗದಷ್ಟು ಸೊರಗಿದ್ದಳು. ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ನಾನು ಒತ್ತಾಯಿಸಿದ ಮೇಲೆ ಸ್ವಲ್ಪ ಸ್ವಲ್ಪ ಹೇಳಿದಳು. ತರಗತಿಯ ಹೆಚ್ಚಿನವರು ಕಂಪ್ಯೂಟರ್ ಮೊದಲೇ ಕಲಿತು ಬಂದವರು. ಹೇಳಿಕೊಡುವವರು ಅವರ ಓಟಕ್ಕೆ ಓಡುತ್ತಾರೆ. ಮೊದಲ ವಾರ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದಳು. ಇಂಗ್ಲಿಷಿನಲ್ಲಿ ಶುರುಮಾಡಿದ್ದು ನಡುವೆ ಕನ್ನಡವಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಅವಳ ಮಾತನ್ನು ಅವಳಂತೆಯೇ ಅಂದು ತೋರಿಸಿದರು. ಎಲ್ಲರೂ ನಕ್ಕರು. ಅಧ್ಯಾಪಕಿ ಬೈಯಲಿಲ್ಲ, ನಗಲೂ ಇಲ್ಲ. ಹೊತ್ತಾಗುತ್ತಿದೆ ಎಂದು ಮುಂದಿನ ಪುಟಕ್ಕೆ ಹೋದರು.

“ಆ ಆ್ಯಪ್‌ನಲ್ಲಿ ಕೇಳಬೇಕಿತ್ತು,” ಎಂದೆ.

ಅವಳು ಫೋನು ತೆಗೆದು ತೋರಿಸಿದಳು. ಕೇಳಿದ್ದ ಪ್ರಶ್ನೆಗಳ ಕೆಳಗೆ ಇಂಥ ಪುಸ್ತಕದ ಇಂಥ ಅಧ್ಯಾಯ ನೋಡಿ ಎಂಬ ಉತ್ತರ, ಅದರ ಕೆಳಗೆ ಹಸಿರು ಬಣ್ಣದಲ್ಲಿ ‘ಮುಕ್ತಾಯವಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಪದ. ಕಾಲೇಜಿನ ತಪ್ಪೆಂದು ನಾನು ಹೇಳುವುದಿಲ್ಲ. ಅಲ್ಲಿ ಎಷ್ಟೋ ಮಕ್ಕಳು ಚೆನ್ನಾಗಿ ಓದಿ ಮುಂದೆ ಬಂದಿದ್ದಾರೆ, ಗೋಡೆಯ ಮೇಲಿನ ಫೋಟೋಗಳೇನು ಸುಳ್ಳಲ್ಲ. ಇವಳು ಅಂಥ ಕಡೆ ಬೆಳೆಯುವ ಹುಡುಗಿ ಅಲ್ಲ ಎಂಬುದು ಎರಡು ವರ್ಷ ಜೊತೆಗೆ ನಡೆದ ನನಗೆ ತಿಳಿದಿರಬೇಕಿತ್ತು.

ಆಗಲಾದರೂ ಹೇಳಿಬಿಡಬೇಕಿತ್ತು. ಪಟ್ಟಿ ತಿದ್ದಿದವಳು ನಾನು, ತಪ್ಪು ನನ್ನದು ಎಂದು. ಬಾಯಿಗೆ ಬಂತು. ಅಷ್ಟರಲ್ಲಿ ಅವಳು ಎದ್ದು, “ನಿಮ್ಗೆ ಬಸ್ಸಿಗೆ ಹೊತ್ತಾಗ್ತೈತೆ ಮಿಸ್,” ಎಂದಳು. ನಾನು ಆ ನೆಪ ಹಿಡಿದುಕೊಂಡು ಹೊರಟುಬಿಟ್ಟೆ. ನೆಲಗಡಲೆ ಚಿಕ್ಕಿಯ ಪೊಟ್ಟಣವನ್ನು ಅವಳ ಕೈಯಲ್ಲಿಟ್ಟು, ಧೈರ್ಯವಾಗಿರು ಎಂದೆ. ಧೈರ್ಯ ಬೇಕಾಗಿದ್ದದ್ದು ನನಗೆ.

ಎರಡನೆಯ ವರ್ಷದ ನಡುವೆ ಅವಳು ಓದು ಬಿಟ್ಟು ಊರಿಗೆ ಬಂದಳು. ತಂದೆ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದರು. ಎಂದಿನಂತೆಯೇ ಕೈಮುಗಿದು, ಯಾವ ಕಹಿಯೂ ಇಲ್ಲದೆ.

“ಆಗ್ಲಿಲ್ಲ ಮೇಡಮ್ಮೋರೆ ಅವ್ಳ ಕೈಲಿ. ನಿದ್ದೆ ಇಲ್ಲ, ಊಟ ಇಲ್ಲ. ಓದು ಹೋದ್ರೆ ಹೋಗ್ಲಿ, ಮಗಳು ಇರ್ಲಿ ಅಂತ ಕರ್ಕಂಡ್ ಬಂದೆ. ಹಣೇಲಿ ಇದ್ದಂಗಾಗ್ತೈತೆ.”

ಹಣೆಬರಹ ಎಂದು ಆ ಮನುಷ್ಯ ಅಂದಾಗ ನನ್ನಿಂದ ತಡೆಯಲಾಗಲಿಲ್ಲ. ಜನರ ನಡುವೆಯೇ ಹೇಳಿದೆ: “ಹಣೆಬರಹ ಅಲ್ಲ. ನಾನು ಮಾಡಿದ್ದು. ಅವಳು ಹಳೇ ಕಾಲೇಜನ್ನೇ ಮೊದಲು ಹಾಕಿದ್ಲು. ನಿಮ್ಮ ಹತ್ರ ನಂಬರ್ ಓದಿಸ್ಕೊಂಡು ನಾನೇ ಮೇಲೆ ಕೆಳಗೆ ಮಾಡಿದೆ.”

ಅವರು ಮುಗಿದಿದ್ದ ಕೈ ಇಳಿಸಿದರು.

“ಗೊತ್ತು ಮೇಡಮ್ಮೋರೆ.”

“ಯಾವಾಗ ಗೊತ್ತಾಯ್ತು?”

“ಅವತ್ತೇ. ಆ ಹಾಳೆ ತಗಂಡು ಮನೀಗೆ ಹೋದ್ವಲ್ಲ, ದಾರೀಲೇ ಹೇಳಿದ್ಲು. ಮಿಸ್ ಮಾಡವ್ರೆ ನಾನ್ನಾ, ನೀನೇನೂ ಕೇಳಬ್ಯಾಡ, ಬೇಜಾರ್ ಮಾಡ್ಕಂತಾರೆ ಅಂದ್ಲು. ನಾನೂ ನೀವು ಓದಿದೋರು, ನಿಮ್ಗೆ ಗೊತ್ತಿರ್ತೈತೆ ಅಂದ್ಕಂಡೆ.”

ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸು ಬಂತು ಮೇಡಮ್ಮೋರೆ ಎಂದು ನನ್ನ ಚೀಲ ಎತ್ತಿ ಕೊಟ್ಟರು.

ಅವಳನ್ನು ನೋಡಲು ಹೋಗುವುದಕ್ಕೆ ನನಗೆ ಮತ್ತೆ ಮೂರು ವಾರ ಬೇಕಾಯಿತು. ಒಂದು ಮಧ್ಯಾಹ್ನ ಪಾಠವಿಲ್ಲದ ಹೊತ್ತಿನಲ್ಲಿ ಅವರ ಮನೆಗೆ ಹೋದೆ. ಅವಳ ಅವ್ವ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದರು. ನನ್ನನ್ನು ಕಂಡು ಎದ್ದು, ಚಾಪೆ ಹಾಸಿ, ಒಳಗೆ ಹೋದರು. ಹುಡುಗಿ ಬಂದು ಎದುರಿಗೆ ಕೂತಳು. ಮುಖ ಸ್ವಲ್ಪ ತುಂಬಿಕೊಂಡಿತ್ತು. “ತಪ್ಪಾಯ್ತು ಕಣೇ,” ಎಂದೆ. ಎಂದೂ ಒಬ್ಬ ವಿದ್ಯಾರ್ಥಿಗೆ ಹಾಗೆ ಹೇಳಿದವಳಲ್ಲ.

ಅವಳು ಪರವಾಗಿಲ್ಲ ಎನ್ನಲಿಲ್ಲ. ಹಾಗೆ ಎನ್ನದೇ ಇದ್ದದ್ದಕ್ಕೆ ನನಗೆ ಇವತ್ತಿಗೂ ಅವಳ ಮೇಲೆ ಗೌರವ.

“ಸಿಟ್ಟಿತ್ತು ಮಿಸ್. ಈಗ ಇಲ್ಲ ಅಂದ್ರೆ ಸುಳ್ಳು ಹೇಳ್ದಂಗಾಗ್ತೈತೆ.”

“ಅವತ್ತೇ ನನ್ನ ಕೇಳ್ಬೇಕಿತ್ತು ನೀನು. ಬೈಬೇಕಿತ್ತು.”

“ಏನಂತ ಕೇಳ್ಲಿ? ನೀವು ನಂಗೆ ಒಳ್ಳೇದು ಮಾಡ್ಬೇಕು ಅಂತ್ಲೇ ಮಾಡಿದ್ರಿ. ಅದು ಗೊತ್ತಿತ್ತು. ಅದಕ್ಕೇ ಕೇಳಾಕೆ ಬಾಯಿ ಬರ್ಲಿಲ್ಲ.” ಮತ್ತೆ ಹೇಳಿದಳು: “ಆ ಹಳೇ ಕಾಲೇಜಿಗೆ ಹೋಗಿದ್ರೂ ಫೇಲ್ ಆಗ್ತಿದ್ನೋ ಏನೋ ಮಿಸ್. ಹೇಳಾಕಾಗಲ್ಲ. ಆದ್ರೆ ಅಲ್ಲಿ ಫೇಲ್ ಆಗಿದ್ರೆ ಅದನ್ನ ಆರಿಸ್ಕೊಂಡೋಳು ನಾನೇ ಅಲ್ವಾ ಅಂತ ಇನ್ನೊಂದ್ಸಲ ಕೂತು ಓದ್ತಿದ್ದೆ. ದೊಡ್ಡ ಕಾಲೇಜಾಗೆ ಅದಕ್ಕೂ ಮನಸ್ಸು ಬರ್ಲಿಲ್ಲ.”

ಅವಳ ಅವ್ವ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಅವರು ನನ್ನೊಡನೆ ಅವತ್ತು ಆಡಿದ್ದು ಒಂದೇ ಮಾತು. “ನಮ್ಮುಡುಗಿ ಮೊದ್ಲು ಇಷ್ಟು ಸುಮ್ನಿರ್ತಿರ್ಲಿಲ್ಲಮ್ಮಾ.” ದೂರಿನ ದನಿಯೂ ಅಲ್ಲ ಅದು. ಮಜ್ಜಿಗೆಯ ಲೋಟವನ್ನು ಚಾಪೆಯ ಪಕ್ಕ ಇಟ್ಟೆ.

ಮರುವರ್ಷ ಅವಳು ಚಳ್ಳಕೆರೆಯಲ್ಲಿ ಬಿಸಿಎಗೆ ಸೇರಿದಳು. ಯಾವ ಕಾಲೇಜು, ಯಾವ ವಿಷಯ ಎಂದು ಯಾರನ್ನೂ ಕೇಳಲಿಲ್ಲವಂತೆ. ತಾನೇ ಎರಡು ಕಾಲೇಜಿಗೆ ಹೋಗಿ, ಒಂದೊಂದರಲ್ಲೂ ಅರ್ಧ ದಿನ ಪಾಠ ಕೇಳಿ ಬಂದು, ಒಂದನ್ನು ಆರಿಸಿಕೊಂಡಳಂತೆ. ಈಗ ಕೊನೆಯ ವರ್ಷ. ಚೆನ್ನಾಗಿ ಓದುತ್ತಿದ್ದಾಳೆ ಎಂದು ತಂದೆ ಹೇಳುತ್ತಾರೆ. ಬೆಳಿಗ್ಗೆ ಅವಳು ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುತ್ತಾಳೆ, ನಾನು ಇಲ್ಲಿಂದ ಅಲ್ಲಿಗೆ ಹೋಗುತ್ತೇನೆ. ನಡುವೆ ಎಲ್ಲೋ ನಮ್ಮ ಬಸ್ಸುಗಳು ಒಂದನ್ನೊಂದು ದಾಟುತ್ತವೆ. ಎದುರಿನ ಬಸ್ಸಿನ ಕಿಟಕಿಗಳನ್ನು ನೋಡುವ ಅಭ್ಯಾಸವಾಗಿದೆ ನನಗೆ. ವೇಗದಲ್ಲಿ ಯಾರೂ ಕಾಣುವುದಿಲ್ಲ.

ನಾಲ್ಕು ವರ್ಷಕ್ಕೆ ಮುಗಿಯಬೇಕಾದ್ದು ಅವಳಿಗೆ ಐದಾಯಿತು, ಅದೂ ಬೇರೆ ಪದವಿ. ಜನ ಕೇಳಿದರೆ ಅಷ್ಟೇನು ದೊಡ್ಡ ಅನಾಹುತ ಎನ್ನುತ್ತಾರೆ. ಪ್ರಾಂಶುಪಾಲರೂ ಹಾಗೇ ಅಂದರು, ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ಎಂದು. ನಾನೂ ಎಷ್ಟೋ ಸಲ ಹಾಗೆ ಹೇಳಿಕೊಂಡು ಮಲಗಲು ನೋಡಿದ್ದೇನೆ.

ಈಗಲೂ ಜೂನ್ ಬಂತೆಂದರೆ ಮಕ್ಕಳು ಆಯ್ಕೆಪಟ್ಟಿ ತುಂಬಿಸಿಕೊಡಿ ಎಂದು ಬರುತ್ತಾರೆ. ಪಾಸ್‌ವರ್ಡ್ ಹೇಳಲು ಬಾಯಿ ತೆರೆದರೆ, ಬೇಡ, ನನಗೆ ಹೇಳಬೇಡ ಎನ್ನುತ್ತೇನೆ. ಕೆಲವರು ಇವರಿಗೇನು ಬಿಂಕ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಹೋದ ತಿಂಗಳು ಚಳ್ಳಕೆರೆಯ ಸಂತೆಯಲ್ಲಿ ಅವಳು ಗೆಳತಿಯರ ಜೊತೆ ಎದುರಿಗೆ ಬಂದಳು. ನಿಂತು, ಚೆನ್ನಾಗಿದೀರಾ ಮಿಸ್ ಎಂದಳು. ಚೆನ್ನಾಗಿದೀನಿ ಎಂದೆ. ಇನ್ನೇನೋ ಹೇಳುವವಳಂತೆ ಒಂದು ಕ್ಷಣ ನಿಂತಳು. ಗೆಳತಿ ಕೈ ಹಿಡಿದು ಎಳೆದಳು. ಬರ್ತೀನಿ ಮಿಸ್ ಎಂದು ಹೋದಳು. ನಾನು ಬದನೆಕಾಯಿ ಆರಿಸುವುದನ್ನು ಬಿಟ್ಟು, ಅವಳು ಜನರ ನಡುವೆ ಮರೆಯಾಗುವ ತನಕ ನೋಡುತ್ತಿದ್ದೆ. ಅಂಗಡಿಯವಳು ಎಷ್ಟು ಹಾಕ್ಲಿ ಎಂದು ಎರಡನೆಯ ಸಲ ಕೇಳಿದಾಗ ಅರ್ಧ ಕೆಜಿ ಎಂದೆ.